ಮೈಯೊಳಗಿನ ಕಬ್ಬಿಣ: ‘ರಕ್ತ ಕಡಿಮಿ’ ಅನ್ನೋದು ಕಾಯಿಲೆಯ ಹೆಸರಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ಹೊಲದ ಬದುವಿನ ಮೇಲೆ ಕೂತಿದ್ದೀರೋ ಗೊತ್ತಿಲ್ಲ. ಇವತ್ತಿನ ಕಥೆ ರಾಯಚೂರು ಜಿಲ್ಲೆಯ ಪಾಮನಕಲ್ಲೂರು ಕಡೆಯಿಂದ ಶುರುವಾಗುತ್ತೆ. ಒಂದು ಕಡೆ ಸಿಂಧನೂರು, ಇನ್ನೊಂದು ಕಡೆ ಲಿಂಗಸುಗೂರು, ನಡುವೆ ಮಸ್ಕಿ. ಈ ಮಸ್ಕಿಯ ಗುಡ್ಡದ ಒಂದು ಬಂಡೆ ಮೇಲೆ 1915ರಲ್ಲಿ ಒಂದು ಶಾಸನ ಸಿಕ್ತು. ಅದನ್ನ ಕಂಡವರು ಇತಿಹಾಸಕಾರರಲ್ಲ. ಬಂಗಾರದ ಅದಿರು ಹುಡುಕ್ತಾ ಓಡಾಡ್ತಿದ್ದ ಬೀಡನ್ ಅನ್ನೋ ಗಣಿ ಎಂಜಿನಿಯರ್.

ಆ ಶಾಸನ ಯಾಕೆ ಅಷ್ಟು ದೊಡ್ಡ ಸುದ್ದಿ ಆಯ್ತು? ಅಲ್ಲಿಯವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಬಿರುದು ಮಾತ್ರ ಇತ್ತು: ‘ದೇವಾನಾಂಪ್ರಿಯ’, ದೇವತೆಗಳಿಗೆ ಪ್ರಿಯನಾದವನು. ಅವನು ಅಶೋಕನೇ ಇರಬೇಕು ಅಂತ ವಿದ್ವಾಂಸರ ಊಹೆ ಇತ್ತು. ಮಸ್ಕಿಯ ಬಂಡೆ ಮೇಲೆ ಮೊದಲ ಸಲ ಬಿರುದಿನ ಪಕ್ಕದಲ್ಲೇ ‘ಅಶೋಕ’ ಅನ್ನೋ ಹೆಸರೂ ಸಿಕ್ತು.

ಇದನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಇಲ್ಲಿಗೆ ಬರ್ತೀವಿ. ಯಾಕಂದ್ರೆ ಇವತ್ತು ಮಾತಾಡೋದು ಬಿರುದು ಮಾತ್ರ ಗೊತ್ತಿದ್ದು, ಹೆಸರು ಗೊತ್ತಿಲ್ಲದ ಒಂದು ಕಾಯಿಲೆ ಬಗ್ಗೆ.

ನೀಲಿ ಗುಳಿಗಿ

ನಮ್ಮ ಕಡೆ ಆ ಬಿರುದು ಯಾವುದು ಅಂತ ಎಲ್ಲರಿಗೂ ಗೊತ್ತು. ‘ರಕ್ತ ಕಡಿಮಿ ಐತಿ.’ ‘ಮೈಯಾಗ ರಕ್ತನ ಇಲ್ಲ.’ ಶಾಲೆಯಲ್ಲಿ ವಾರಕ್ಕೊಂದು ನೀಲಿ ಗುಳಿಗಿ ಕೊಡ್ತಿದ್ದದ್ದು ನೆನಪಿದೆಯಾ? ಅದು ಕಬ್ಬಿಣ ಮತ್ತು ಫೋಲಿಕ್ ಆಸಿಡ್. ಗರ್ಭಿಣಿಯರಿಗೆ ಕೊಡೋದು ಕೆಂಪು ಗುಳಿಗಿ. ಭಾರತ ಈ ಕೆಲಸವನ್ನ ರಾಷ್ಟ್ರೀಯ ಕಾರ್ಯಕ್ರಮವಾಗಿ ಶುರು ಮಾಡಿದ್ದು 1970ರಲ್ಲಿ. 2018ರಲ್ಲಿ ಅದಕ್ಕೆ ‘ಅನೀಮಿಯಾ ಮುಕ್ತ ಭಾರತ’ ಅನ್ನೋ ಹೊಸ ರೂಪ ಬಂತು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಆ ಗುಳಿಗಿ ಬೇಕು. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅದರಲ್ಲಿ ದೊಡ್ಡ ಪಾಲಿಗೆ ಕಬ್ಬಿಣದ ಕೊರತೆಯೇ ಕಾರಣ. ಈ ಸಂಚಿಕೆ ಕೇಳಿ ಯಾರೂ ಗುಳಿಗಿ ಬಿಡಬೇಡಿ.

ಆದ್ರೆ ಈ ಚಿತ್ರ ಕಲ್ಪಿಸಿಕೊಳ್ಳಿ. ಒಬ್ಬ ಹುಡುಗಿ ದವಾಖಾನಿಗೆ ಬಂದಿದ್ದಾಳೆ. ಹಿಮೋಗ್ಲೋಬಿನ್ 7 ಇದೆ. ಹೋದ ವರ್ಷವೂ 7, ಅದರ ಹಿಂದಿನ ವರ್ಷವೂ 7.

“ಏನವ್ವ, ಗುಳಿಗಿ ಸರಿಯಾಗಿ ತಗೊಂಡಿಲ್ಲೇನು?”

“ತಗೊಂಡೀನ್ರಿ ಸಿಸ್ಟರ್, ಒಂದೂ ಬಿಟ್ಟಿಲ್ರಿ.”

ಆಕೆ ಸುಳ್ಳು ಹೇಳ್ತಿಲ್ಲ. ಗುಳಿಗಿಯೂ ಕೆಟ್ಟದ್ದಲ್ಲ. ಆಕೆಗೆ ಕಬ್ಬಿಣದ ಕೊರತೆಯೇ ಇಲ್ಲ, ಅಷ್ಟೇ. ಮೈಯಲ್ಲಿ ಕಬ್ಬಿಣ ಆಗಲೇ ಹೆಚ್ಚಾಗಿ ಪಿತ್ತಕೋಶದ ಪಕ್ಕದ ಆ ದೊಡ್ಡ ಅಂಗದಲ್ಲಿ, ಅಂದ್ರೆ ಯಕೃತ್ತಿನಲ್ಲಿ, ಸೇರಿಕೊಳ್ತಾ ಇದೆ. ರಕ್ತ ಕಡಿಮೆ, ಕಬ್ಬಿಣ ಜಾಸ್ತಿ. ಎರಡೂ ಒಂದೇ ಮೈಯಲ್ಲಿ. ಇದು ಹೇಗೆ ಸಾಧ್ಯ ಅಂತ ಡಾಕ್ಟರ್‌ಗಳಿಗೆ ಅರ್ಥ ಆಗೋಕೆ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯ್ತು.

ಬರೋಕೆ ಬಾಗಿಲಿದೆ, ಹೋಗೋಕೆ ಇಲ್ಲ

ಮೊದಲು ಲೆಕ್ಕ ನೋಡೋಣ. ದೊಡ್ಡವರ ಮೈಯಲ್ಲಿ ಇರೋ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ. ಒಂದೆರಡು ಸಣ್ಣ ಮೊಳೆಯಷ್ಟು ತೂಕ. ದಿನಕ್ಕೆ ಊಟದಿಂದ ಒಳಗೆ ಬರೋದು 1ರಿಂದ 2 ಮಿಲಿಗ್ರಾಂ. ಚರ್ಮ ಉದುರಿ, ಕರುಳಿನ ಒಳಪದರ ಸವೆದು ಹೊರಗೆ ಹೋಗೋದೂ ಅಷ್ಟೇ.

ಉಪ್ಪು ಜಾಸ್ತಿ ಆದ್ರೆ ಮೂತ್ರದಲ್ಲಿ ಹೋಗುತ್ತೆ, ನೀರು ಜಾಸ್ತಿ ಆದ್ರೂ ಹೋಗುತ್ತೆ. ಕಬ್ಬಿಣ ಹೋಗಲ್ಲ. ಇದನ್ನ 1937ರಲ್ಲಿ ಸ್ಪಷ್ಟವಾಗಿ ತೋರಿಸಿದವರು ಇಂಗ್ಲೆಂಡಿನ ರಾಬರ್ಟ್ ಮೆಕ್‌ಕ್ಯಾನ್ಸ್ ಮತ್ತು ಎಲ್ಸಿ ವಿಡೋಸನ್. ರಕ್ತಕಣ ವಿಪರೀತ ಹೆಚ್ಚಾಗುವ ಕಾಯಿಲೆ ಇದ್ದವರಿಗೆ ಆಗಿನ ಕಾಲದಲ್ಲಿ ಕಣಗಳನ್ನ ಒಡೆಯೋ ಔಷಧಿ ಕೊಡ್ತಿದ್ದರು. ಅಷ್ಟೊಂದು ಕಣ ಒಡೆದಾಗ ಅದರೊಳಗಿನ ಕಬ್ಬಿಣ ಎಲ್ಲಿ ಹೋಯ್ತು? ಇವರು ಮಲಮೂತ್ರ ಅಳೆದು ನೋಡಿದರೆ ಹೊರಗೆ ಹೋಗೇ ಇಲ್ಲ! ಮೈ ಕಬ್ಬಿಣವನ್ನ ಒಳಗೆ ಬಿಟ್ಟುಕೊಳ್ಳೋ ಬಾಗಿಲಲ್ಲಿ ಮಾತ್ರ ನಿಯಂತ್ರಿಸುತ್ತೆ, ಹೊರಗೆ ಹಾಕೋ ಬಾಗಿಲೇ ಅದಕ್ಕಿಲ್ಲ ಅನ್ನೋದು ಅವರ ತೀರ್ಮಾನ.

ಆ ಒಳಬಾಗಿಲಿನ ಕಾವಲುಗಾರ ಯಾರು ಅಂತ ಗೊತ್ತಾಗಿದ್ದು 2000ದ ಆಸುಪಾಸಿನಲ್ಲಿ. ಯಕೃತ್ತು ತಯಾರಿಸೋ ಹೆಪ್ಸಿಡಿನ್ ಅನ್ನೋ ಹಾರ್ಮೋನ್. ಅದು ಜಾಸ್ತಿ ಇದ್ರೆ ಕರುಳಿನ ಬಾಗಿಲು ಮುಚ್ಚುತ್ತೆ, ಕಡಿಮೆ ಆದ್ರೆ ತೆರೆದುಕೊಳ್ಳುತ್ತೆ. ಹುಟ್ಟಿನಿಂದಲೇ ಈ ಕಾವಲು ಸಡಿಲ ಇದ್ದರೆ? ಅಲ್ಲೇ ನಮ್ಮ ಕಥೆ ಇರೋದು.

ಕಂಚಿನ ಬಣ್ಣದ ರೋಗಿಗಳು

1865, ಪ್ಯಾರಿಸ್. ಅರ್ಮಾಂಡ್ ಟ್ರೂಸೋ ಅನ್ನೋ ಹೆಸರಾಂತ ಡಾಕ್ಟರ್ ಒಬ್ಬ ಸಕ್ಕರೆ ಕಾಯಿಲೆ ರೋಗಿಯನ್ನ ವಿವರಿಸ್ತಾರೆ. ಯಕೃತ್ತು ಗಟ್ಟಿಯಾಗಿದೆ, ಮುಖದ ಬಣ್ಣ ಕಂಚಿನ ಹಾಗೆ ಆಗಿದೆ. 1871ರಲ್ಲಿ ಟ್ರೊಯಿಸಿಯೆ ಅನ್ನೋ ಇನ್ನೊಬ್ಬ ಫ್ರೆಂಚ್ ಡಾಕ್ಟರ್ ಇಂಥದ್ದೇ ರೋಗಿಯನ್ನ ಕಂಡರು. ‘ಕಂಚಿನ ಮಧುಮೇಹ’ ಅಂತ ಇದಕ್ಕೆ ಬಿರುದು ಬಂತು. ಗಮನಿಸಿ, ಇದೂ ಬಿರುದೇ. ಕಣ್ಣಿಗೆ ಕಂಡದ್ದನ್ನ ಹೇಳಿದ್ದು, ಕಾರಣ ಹೇಳಿದ್ದಲ್ಲ.

ಅಷ್ಟರಲ್ಲಿ ಜರ್ಮನಿಯ ಮ್ಯಾಕ್ಸ್ ಪರ್ಲ್ಸ್ 1867ರಲ್ಲಿ ಒಂದು ಉಪಾಯ ಮಾಡಿದ್ದರು. ಅಂಗಾಂಶದ ತೆಳು ಚೂರಿಗೆ ಒಂದು ರಾಸಾಯನಿಕ ಹಾಕಿದರೆ, ಅದರಲ್ಲಿ ಶೇಖರವಾದ ಕಬ್ಬಿಣ ಇದ್ದಲ್ಲೆಲ್ಲ ಗಾಢ ನೀಲಿ ಬಣ್ಣ ಬರುತ್ತೆ. ಇವತ್ತಿಗೂ ಪ್ರಯೋಗಾಲಯಗಳಲ್ಲಿ ‘ಪರ್ಲ್ಸ್ ಸ್ಟೇನ್’ ಬಳಕೆಯಲ್ಲಿದೆ. 1889ರಲ್ಲಿ ಫಾನ್ ರೆಕ್ಲಿಂಗ್‌ಹೌಸನ್ ಈ ಕಾಯಿಲೆಗೆ ‘ಹೀಮೋಕ್ರೊಮಟೋಸಿಸ್’ ಅಂತ ಹೆಸರಿಟ್ಟರು. ರಕ್ತದಿಂದ ಬಂದ ಬಣ್ಣ ಅಂತ ಅವರ ಯೋಚನೆ.

ಅದು ಅಪ್ಪ-ಅಮ್ಮನಿಂದ ಬರೋದು ಅಂತ ಬಲವಾಗಿ ವಾದಿಸಿದವರು ಜೋಸೆಫ್ ಶೆಲ್ಡನ್. ಇಂಗ್ಲೆಂಡಿನ ಈ ಡಾಕ್ಟರ್ ಅಲ್ಲಿಯವರೆಗೆ ದಾಖಲಾಗಿದ್ದ 311 ರೋಗಿಗಳ ವಿವರ ಒಟ್ಟುಹಾಕಿ 1935ರಲ್ಲಿ ಪುಸ್ತಕ ಬರೆದರು. ಕುಡಿತದಿಂದ ಬಂತು, ಸಕ್ಕರೆ ಕಾಯಿಲೆಯಿಂದ ಬಂತು ಅನ್ನೋದೆಲ್ಲ ಅಲ್ಲ, ಹುಟ್ಟಿನಿಂದಲೇ ಕಬ್ಬಿಣ ನಿಭಾಯಿಸೋದರಲ್ಲಿ ಇರೋ ದೋಷ ಇದು ಅಂದರು.

ಚಿಕಿತ್ಸೆ? ಬಹಳ ಹಳೇದು: ರಕ್ತ ತೆಗೆಯೋದು. 1950ರ ದಶಕದ ಆರಂಭದಲ್ಲಿ ಅಮೆರಿಕದ ಡೇವಿಸ್ ಮತ್ತು ಆರೋಸ್ಮಿತ್ ಇದನ್ನ ಮಾಡಿ ತೋರಿಸಿದರು. ಒಂದು ಸಲ ಸುಮಾರು 450 ಎಂಎಲ್ ರಕ್ತ ತೆಗೆದರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಗೆ. ಮೈ ಹೊಸ ರಕ್ತ ಮಾಡೋಕೆ ಗೋದಾಮಿನ ಕಬ್ಬಿಣ ಬಳಸಿಕೊಳ್ಳುತ್ತೆ. ವಾರಕ್ಕೊಮ್ಮೆ ಹೀಗೆ ತೆಗೀತಾ ಹೋದರೆ ಗೋದಾಮು ಖಾಲಿ. ಮೈಗೆ ಇಲ್ಲದ ಹೊರಬಾಗಿಲನ್ನ ಸೂಜಿಯಿಂದ ಮಾಡಿಕೊಟ್ಟ ಹಾಗೆ. ಇವತ್ತಿಗೂ ಈ ಕಾಯಿಲೆಗೆ ಮೊದಲ ಚಿಕಿತ್ಸೆ ಇದೇ. ಹೆಂಗಸರಲ್ಲಿ ಈ ಕಾಯಿಲೆ ತಡವಾಗಿ ಕಾಣಿಸಿಕೊಳ್ಳೋದಕ್ಕೂ ಕಾರಣ ಇದೇ: ಪ್ರತಿ ತಿಂಗಳು ಮುಟ್ಟಿನಲ್ಲಿ ಸ್ವಲ್ಪ ಕಬ್ಬಿಣ ಹೊರಗೆ ಹೋಗ್ತಿರುತ್ತೆ.

ಐರ್ಲೆಂಡಿನ ಮೂಳೆ

1996ರಲ್ಲಿ ಜೀನ್ ಸಿಕ್ತು. ಎಚ್‌ಎಫ್‌ಇ ಅಂತ ಅದರ ಹೆಸರು. ಅದರಲ್ಲಿ ಒಂದು ಅಕ್ಷರ ಬದಲಾದರೆ ‘ಸಿ282ವೈ’ ಅನ್ನೋ ರೂಪ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಇದೇ ಬಂದರೆ ಕಾವಲು ಸಡಿಲ. ಇದು ಹೆಚ್ಚು ಕಾಣೋದು ಉತ್ತರ ಯುರೋಪಿನವರಲ್ಲಿ, ಎಲ್ಲಕ್ಕಿಂತ ಹೆಚ್ಚು ಐರ್ಲೆಂಡಿನಲ್ಲಿ. 2015ರ ಕೊನೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐರ್ಲೆಂಡಿನ ರಾಥ್ಲಿನ್ ದ್ವೀಪದಲ್ಲಿ ಸಿಕ್ಕ, ಸುಮಾರು 4,000 ವರ್ಷ ಹಳೆಯ ಮೂಳೆಯಿಂದ ಡಿಎನ್‌ಎ ತೆಗೆದು ನೋಡಿದರೆ, ಅದರಲ್ಲೂ ಇದೇ ಸಿ282ವೈ ಇತ್ತು!

ನಮ್ಮಲ್ಲಿ? ಭಾರತೀಯರಲ್ಲಿ ಸಿ282ವೈ ತೀರಾ ಅಪರೂಪ. ಬೇರೆ ಜೀನ್‌ಗಳಿಂದ ಬರೋ ಹೀಮೋಕ್ರೊಮಟೋಸಿಸ್ ಇಲ್ಲಿ ಕೆಲವರಲ್ಲಿ ಕಂಡಿದೆ, ಅದೂ ಅಪರೂಪವೇ. ಹಾಗಾಗಿ ‘ಇದು ಬಿಳಿಯರ ಕಾಯಿಲೆ, ನಮಗೆ ಕಬ್ಬಿಣ ಕಡಿಮೆ ಆಗೋದೇ ಚಿಂತೆ’ ಅಂತ ಪುಸ್ತಕ ಮುಚ್ಚಿಬಿಡಬಹುದು. ತಪ್ಪು ಆಗೋದು ಅಲ್ಲೇ. ನಮ್ಮ ನೆಲದಲ್ಲಿ ವಂಶದಿಂದ ಬರೋ ಕಬ್ಬಿಣದ ಹೊರೆ ಇನ್ನೊಂದು ವೇಷದಲ್ಲಿ ಬರುತ್ತೆ. ‘ರಕ್ತ ಕಡಿಮಿ’ ಅನ್ನೋ ವೇಷದಲ್ಲಿ.

ಸಮುದ್ರದ ಹೆಸರಿನ ಕಾಯಿಲೆ

1925ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನ ಮಕ್ಕಳ ಡಾಕ್ಟರ್ ಥಾಮಸ್ ಕೂಲಿ ಒಂದು ಗುಂಪು ಮಕ್ಕಳನ್ನ ವಿವರಿಸಿದರು. ತೀವ್ರ ರಕ್ತಹೀನತೆ, ಊದಿದ ಗುಲ್ಮ, ಮುಖದ ಮೂಳೆಗಳಲ್ಲಿ ಬದಲಾವಣೆ. 1932ರಲ್ಲಿ ಜಾರ್ಜ್ ವಿಪ್ಪಲ್ ಮತ್ತು ವಿಲಿಯಂ ಬ್ರ್ಯಾಡ್‌ಫೋರ್ಡ್ ಈ ಕಾಯಿಲೆಯಲ್ಲಿ ಸತ್ತ ಮಕ್ಕಳ ಅಂಗಗಳನ್ನ ಪರೀಕ್ಷಿಸಿದರು. ರೋಗಿಗಳ ಮನೆತನಗಳು ಮೆಡಿಟರೇನಿಯನ್ ಕರಾವಳಿಯವು ಅಂತ, ಗ್ರೀಕ್ ಭಾಷೆಯಲ್ಲಿ ಸಮುದ್ರ ಅನ್ನೋ ಅರ್ಥದ ‘ಥಲಸ್ಸಾ’ ಪದದಿಂದ ಥಲಸ್ಸೇಮಿಯಾ ಅಂದರು. 1936ರಲ್ಲಿ ಅವರು ಬರೆದ ಇನ್ನೊಂದು ಲೇಖನದಲ್ಲಿ, ಈ ಮಕ್ಕಳ ಅಂಗಗಳಲ್ಲಿ ಕಂಡ ಬಣ್ಣ ಹೀಮೋಕ್ರೊಮಟೋಸಿಸ್ ಅನ್ನೇ ಹೋಲುತ್ತೆ ಅಂತ ಹೇಳಿದರು. ಎರಡು ಕಥೆಗಳೂ ಅಲ್ಲಿ ಸೇರಿದವು.

ಭಾರತದಲ್ಲಿ ಮೊದಲ ಥಲಸ್ಸೇಮಿಯಾ ರೋಗಿಯ ವರದಿ ಬಂದದ್ದು 1938ರಲ್ಲಿ, ಕೋಲ್ಕತ್ತಾದಿಂದ. ಅಂದ್ರೆ ಇದು ಬರೀ ಆ ಸಮುದ್ರದ ಕಾಯಿಲೆ ಆಗಿರಲಿಲ್ಲ. ಇವತ್ತಿನ ಅಂದಾಜಿನಂತೆ ಭಾರತೀಯರಲ್ಲಿ ನೂರಕ್ಕೆ ಮೂರು ನಾಲ್ಕು ಜನ ಬೀಟಾ ಥಲಸ್ಸೇಮಿಯಾ ಜೀನಿನ ವಾಹಕರು. ಸಿಂಧಿ, ಪಂಜಾಬಿ, ಬಂಗಾಲಿ, ಗುಜರಾತಿನ ಕೆಲವು ಸಮುದಾಯಗಳಲ್ಲಿ ಇನ್ನೂ ಹೆಚ್ಚು.

ಈ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ಮಾಡೋ ಸೂತ್ರವೇ ದೋಷದ್ದು. ಕಬ್ಬಿಣ ಎಷ್ಟಿದ್ದರೂ ಸರಿಯಾದ ಕಣ ಆಗಲ್ಲ. ಮೂಳೆಮಜ್ಜೆ ಮಾತ್ರ ‘ಇನ್ನೂ ಬೇಕು, ಇನ್ನೂ ಬೇಕು’ ಅಂತ ಕೂಗ್ತಾನೇ ಇರುತ್ತೆ. ಆ ಕೂಗಿಗೆ ಹೆಪ್ಸಿಡಿನ್ ಇಳಿಯುತ್ತೆ, ಕರುಳಿನ ಬಾಗಿಲು ತೆರೆಯುತ್ತೆ, ಬೇಡದ ಕಬ್ಬಿಣ ಒಳಗೆ ಬರುತ್ತೆ. ಹಾಗಾಗಿ ಮಧ್ಯಮ ತೀವ್ರತೆಯ ಥಲಸ್ಸೇಮಿಯಾ ಇರೋರಿಗೆ ಒಂದು ಬಾಟ್ಲಿ ರಕ್ತ ಹಾಕದಿದ್ದರೂ ಕಬ್ಬಿಣ ಶೇಖರ ಆಗುತ್ತೆ. ಅಂಥವರಿಗೆ ವರ್ಷಗಟ್ಟಲೆ ಕಬ್ಬಿಣದ ಗುಳಿಗಿ ಕೊಟ್ಟರೆ? ಆಗ ಹೇಳಿದ ಆ ಹುಡುಗಿ ನೆನಪಾದಳಾ?

ತೀವ್ರ ಥಲಸ್ಸೇಮಿಯಾ ಇರೋ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಇಲ್ಲಾಂದ್ರೆ ಬದುಕೋದೇ ಕಷ್ಟ. ಆದ್ರೆ ಒಂದು ಯೂನಿಟ್ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಬರುತ್ತೆ. ನಾವು ಊಟದಿಂದ ನಾಲ್ಕಾರು ತಿಂಗಳಲ್ಲಿ ತಗೊಳ್ಳೋದು ಒಂದೇ ಮಧ್ಯಾಹ್ನ ಒಳಗೆ! ವರ್ಷಕ್ಕೆ 20 ಯೂನಿಟ್ ಅಂದರೆ 4ರಿಂದ 5 ಗ್ರಾಂ. ಒಬ್ಬ ದೊಡ್ಡ ಮನುಷ್ಯನ ಇಡೀ ಮೈಯಲ್ಲಿ ಇರೋದಕ್ಕಿಂತ ಹೆಚ್ಚು, ಪ್ರತಿ ವರ್ಷ. ಅದು ಯಕೃತ್ತಿಗೆ ಹೋಗುತ್ತೆ, ಹಾರ್ಮೋನ್ ಗ್ರಂಥಿಗಳಿಗೆ ಹೋಗುತ್ತೆ, ಎತ್ತರ ಬೆಳೆಯಲ್ಲ, ಮುಟ್ಟು ಶುರುವಾಗಲ್ಲ, ಸಕ್ಕರೆ ಕಾಯಿಲೆ ಬರುತ್ತೆ. ಕೊನೆಗೆ ಹೃದಯಕ್ಕೆ. ಬಹಳ ಕಾಲ ಈ ಮಕ್ಕಳು ಹದಿಹರೆಯ ದಾಟೋ ಹೊತ್ತಿಗೆ ಸಾಯ್ತಿದ್ದದ್ದು ರಕ್ತ ಇಲ್ಲದೆ ಅಲ್ಲ, ಕಬ್ಬಿಣ ಹೃದಯದಲ್ಲಿ ತುಂಬಿ.

ಇವರ ರಕ್ತ ತೆಗೆಯೋಕೂ ಆಗಲ್ಲ. ಇರೋದೇ ಕಡಿಮೆ. ಹಾಗಾದ್ರೆ ಕಬ್ಬಿಣ ಮಾತ್ರ ತೆಗೆಯೋದು ಹೇಗೆ?

ಮಣ್ಣಿನ ಜೀವಿ, ಮುಂಬೈನ ಗುಳಿಗಿ

ಮೊದಲ ಉತ್ತರ ಮಣ್ಣಿನಿಂದ ಬಂತು. 1960ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಮತ್ತು ಜ್ಯೂರಿಕ್‌ನ ವಿಜ್ಞಾನಿಗಳು ಮಣ್ಣಿನ ಒಂದು ಬ್ಯಾಕ್ಟೀರಿಯಾ ತನಗೆ ಬೇಕಾದ ಕಬ್ಬಿಣವನ್ನ ಗಟ್ಟಿಯಾಗಿ ಹಿಡಿಯೋಕೆ ಮಾಡಿಕೊಳ್ಳೋ ವಸ್ತುವನ್ನ ಕಂಡರು. ಅದರಿಂದ ಬಂದದ್ದೇ ಡೆಸ್‌ಫೆರಿಆಕ್ಸಮೀನ್. ಇಂಥ ಚಿಕಿತ್ಸೆಗೆ ‘ಕೀಲೇಷನ್’ ಅಂತಾರೆ. ಗ್ರೀಕ್‌ನಲ್ಲಿ ಆ ಪದದ ಮೂಲ ಏಡಿಯ ಕೊಂಡಿ. ಏಡಿ ಹಿಡಿದ ಹಾಗೆ ಕಬ್ಬಿಣವನ್ನ ಹಿಡಿದು ಹೊರಗೆ ಎಳೆದುಕೊಂಡು ಹೋಗೋದು.

ಔಷಧಿ ಒಳ್ಳೇದು, ತಗೊಳ್ಳೋದು ಶಿಕ್ಷೆ. ಗುಳಿಗಿಯಾಗಿ ಕೆಲಸ ಮಾಡಲ್ಲ. ಹೊಟ್ಟೆಯ ಚರ್ಮದ ಕೆಳಗೆ ಸೂಜಿ ಚುಚ್ಚಿ, ಸಣ್ಣ ಪಂಪು ಕಟ್ಟಿಕೊಂಡು, ರಾತ್ರಿ 8ರಿಂದ 12 ಗಂಟೆ, ವಾರಕ್ಕೆ ಐದಾರು ರಾತ್ರಿ. ಜೀವನಪೂರ್ತಿ. ಪಂಪು, ಔಷಧಿ ಎರಡೂ ದುಬಾರಿ. ಭಾರತದ ಹೆಚ್ಚಿನ ಮನೆಗಳಿಗೆ ಅದು ಕೈಗೆ ಎಟುಕೋ ಮಾತೇ ಆಗಿರಲಿಲ್ಲ.

1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಹೈಡರ್ ಮತ್ತು ಜಾರ್ಜ್ ಕೊಂಟೊಗಿಯೊರ್ಗೆಸ್ ಬಾಯಿಂದ ತಗೊಳ್ಳೋ ಔಷಧಿ ಮಾಡಿದರು. ಆಗ ಅದರ ಹೆಸರು ಎಲ್1, ಮುಂದೆ ಡೆಫೆರಿಪ್ರೋನ್. ಮುಂಬೈನಲ್ಲಿ ಡಾಕ್ಟರ್ ಎಂ.ಬಿ. ಅಗರ್ವಾಲ್ ಮತ್ತು ಸಂಗಡಿಗರು ರೋಗಿಗಳ ಮೇಲೆ ಅಧ್ಯಯನ ಮಾಡಿದರು. ಸಿಪ್ಲಾ ಕಂಪನಿ ತಯಾರಿಸಿತು. 1990ರ ದಶಕದ ಮಧ್ಯದಲ್ಲಿ ಜಗತ್ತಿನಲ್ಲೇ ಮೊದಲು ಈ ಗುಳಿಗಿಗೆ ಅನುಮತಿ ಕೊಟ್ಟ ದೇಶ ಭಾರತ. ಯುರೋಪ್ ಅನುಮತಿ ಕೊಟ್ಟದ್ದು 1999ರಲ್ಲಿ, ಅಮೆರಿಕ 2011ರಲ್ಲಿ.

ಇದನ್ನ ಬರೀ ಹೆಮ್ಮೆಯ ಕಥೆಯಾಗಿ ಹೇಳಿ ಮುಗಿಸೋ ಹಾಗಿಲ್ಲ. ಡೆಫೆರಿಪ್ರೋನ್ ಕೆಲವರಲ್ಲಿ ಬಿಳಿ ರಕ್ತಕಣಗಳನ್ನ ಅಪಾಯದ ಮಟ್ಟಕ್ಕೆ ಇಳಿಸುತ್ತೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಬೇಕು, ಜ್ವರ ಬಂದರೆ ಗುಳಿಗಿ ನಿಲ್ಲಿಸಿ ತಕ್ಷಣ ಡಾಕ್ಟರ್ ಹತ್ತಿರ ಓಡಬೇಕು. ಈ ಔಷಧಿ ಎಷ್ಟು ಸುರಕ್ಷಿತ ಅನ್ನೋದರ ಬಗ್ಗೆ 1990ರ ದಶಕದಲ್ಲಿ ಕೆನಡಾದ ಟೊರೊಂಟೊದಲ್ಲಿ ಸಂಶೋಧಕಿ ನ್ಯಾನ್ಸಿ ಒಲಿವಿಯೆರಿ ಮತ್ತು ಔಷಧಿ ಕಂಪನಿ ನಡುವೆ ದೊಡ್ಡ ವಿವಾದವೇ ನಡೀತು. ಆದ್ರೂ ಪಂಪು ಕೊಳ್ಳೋಕೆ ಆಗದ ಮನೆಗೆ ಈ ಗುಳಿಗಿ ಏನು ಅಂತ ಯೋಚಿಸಿ. ಗುಳಿಗಿ ಶುರು ಮಾಡಿದ ಮಗುವಿನ ಮೂತ್ರ ಕೆಂಪಾಗುತ್ತೆ. ತಾಯಂದಿರು ಗಾಬರಿ ಆಗ್ತಾರೆ. ಅದು ರಕ್ತ ಅಲ್ಲ. ಹೊರಗೆ ಹೋಗ್ತಿರೋ ಕಬ್ಬಿಣ.

2005ರಲ್ಲಿ ಡೆಫೆರಾಸಿರಾಕ್ಸ್ ಬಂತು. ದಿನಕ್ಕೊಮ್ಮೆ ತಗೊಂಡರೆ ಸಾಕು. 2001ರಿಂದ ಎಂಆರ್‌ಐನಲ್ಲಿ ಹೃದಯದ ಕಬ್ಬಿಣ ಅಳೆಯೋದೂ ಸಾಧ್ಯ ಆಯ್ತು. ಕಾಯಿಲೆಯನ್ನೇ ಗುಣ ಮಾಡೋ ಅಸ್ಥಿಮಜ್ಜೆ ಕಸಿ ವೆಲ್ಲೂರಿನ ಸಿಎಂಸಿಯಲ್ಲಿ 1986ರಲ್ಲೇ ಶುರುವಾಗಿತ್ತು. ಹೊಂದುವ ದಾನಿ ಸಿಗಬೇಕು, ದುಡ್ಡು ಸಿಗಬೇಕು, ಆಗ.

ಕ್ಯಾಂಪುಗಳ ಊರಲ್ಲಿ

ಈಗ ಮತ್ತೆ ಸಿಂಧನೂರಿಗೆ ಬನ್ನಿ. ತುಂಗಭದ್ರಾ ಎಡದಂಡೆ ನಾಲೆ ಬಂದ ಮೇಲೆ ಈ ಸೀಮೆಗೆ ಎಲ್ಲೆಲ್ಲಿಂದಲೋ ಜನ ಬಂದರು. ಆಂಧ್ರದ ರೈತರು ಬಂದು ನಿಂತ ಊರುಗಳೇ ‘ಕ್ಯಾಂಪ್’ ಆದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಕುಟುಂಬಗಳಿಗೆ ನೆಲೆ ಕೊಟ್ಟ ಜಾಗಗಳು ಆರ್.ಎಚ್. ಕ್ಯಾಂಪ್‌ಗಳು. ಸಿಂಧನೂರು ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಲಿ ಎಲ್ಲಾ ಕೇಳಿಸುತ್ತೆ.

ಜನ ಬರುವಾಗ ಭಾಷೆ, ಅಡುಗೆ ತರೋ ಹಾಗೆ ಜೀನೂ ತರ್ತಾರೆ. ಬಂಗಾಲದಲ್ಲಿ ಬೀಟಾ ಥಲಸ್ಸೇಮಿಯಾ ಜೊತೆ ‘ಹಿಮೋಗ್ಲೋಬಿನ್ ಇ’ ಅನ್ನೋ ರೂಪವೂ ಸಾಮಾನ್ಯ. ಎರಡೂ ಒಂದೇ ಮಗುವಿನಲ್ಲಿ ಸೇರಿದರೆ ಮಧ್ಯಮದಿಂದ ತೀವ್ರ ಥಲಸ್ಸೇಮಿಯಾ. ಹಾಗಂತ ಇದು ‘ಅವರ’ ಕಾಯಿಲೆ ಅಂತ ಬೆರಳು ತೋರಿಸಬೇಡಿ. ಐರಿಷ್ ಮೂಳೆಯಲ್ಲಿ ಸಿಕ್ಕದ್ದೂ ಜೀನೇ, ನಮ್ಮಲ್ಲಿ ಇರೋದೂ ಜೀನೇ. ನಮ್ಮ ಹಳೇ ಊರುಗಳಲ್ಲಿ ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ಮಾಡೋ ಮದುವೆ ಇದೆಯಲ್ಲ? ಒಂದೇ ಮನೆತನದಲ್ಲಿ ವಾಹಕರು ಇದ್ದರೆ, ಅಲ್ಲಿ ಗಂಡ-ಹೆಂಡತಿ ಇಬ್ಬರೂ ವಾಹಕರಾಗೋ ಸಾಧ್ಯತೆ ಹೆಚ್ಚು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರೋ ಅಪಾಯ. ವಾಹಕರು ಮಾತ್ರ ಆರಾಮಾಗಿಯೇ ಇರ್ತಾರೆ, ಅವರಿಗೆ ಗೊತ್ತೇ ಇರಲ್ಲ.

2016ರಲ್ಲಿ ಎರಡು ಕೆಲಸ ಆದವು. ರಾಷ್ಟ್ರೀಯ ಆರೋಗ್ಯ ಅಭಿಯಾನ ಇಂಥ ಕಾಯಿಲೆಗಳ ತಪಾಸಣೆ, ಚಿಕಿತ್ಸೆಗೆ ಮಾರ್ಗಸೂಚಿ ತಂತು. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಥಲಸ್ಸೇಮಿಯಾ ಸೇರಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಈ ಮಕ್ಕಳಿಗೆ ಡೇ-ಕೇರ್ ನಡೆಯುತ್ತೆ. ಆದ್ರೆ ಪಾಮನಕಲ್ಲೂರಿನಿಂದ ಬೆಂಗಳೂರು ಅಂದ್ರೆ ಒಂದು ರಾತ್ರಿಯ ಪ್ರಯಾಣ, ಎರಡು ದಿನದ ಕೂಲಿ. ರಕ್ತ ಹತ್ತಿರದಲ್ಲಿ ಸಿಗಬಹುದು. ಕಬ್ಬಿಣ ಅಳೆದು, ಇಳಿಸಿ, ಮತ್ತೆ ಅಳೆಯೋ ವ್ಯವಸ್ಥೆ ಹತ್ತಿರದಲ್ಲಿ ಇರಬೇಕು. ರಕ್ತ ಕೊಟ್ಟು ಕಬ್ಬಿಣದ ಲೆಕ್ಕ ಬಿಟ್ಟರೆ, ಅರ್ಧ ಚಿಕಿತ್ಸೆ ಮಾಡಿದ ಹಾಗೆ.

ಹೆಸರು ಕೇಳಿ

ಕೊನೆಗೆ, ಫೋನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳೋ ಭಾಗ.

ಎರಡು ಮೂರು ತಿಂಗಳು ಸರಿಯಾಗಿ ಕಬ್ಬಿಣದ ಗುಳಿಗಿ ತಗೊಂಡ ಮೇಲೂ ಹಿಮೋಗ್ಲೋಬಿನ್ ಏರದಿದ್ದರೆ, ಡೋಸ್ ಹೆಚ್ಚಿಸೋಕೆ ಮೊದಲು ಡಾಕ್ಟರ್‌ನ ಕೇಳಿ: “ಸರ್, ಫೆರಿಟಿನ್ ಮಾಡಿಸೋಣವಾ? ಎಚ್‌ಪಿಎಲ್‌ಸಿ ಮಾಡಿಸೋಣವಾ?” ಫೆರಿಟಿನ್ ಗೋದಾಮಿನ ಲೆಕ್ಕ ಹೇಳುತ್ತೆ. ಎಚ್‌ಪಿಎಲ್‌ಸಿ ಹಿಮೋಗ್ಲೋಬಿನ್ ಯಾವ ಜಾತಿದು ಅಂತ ಹೇಳುತ್ತೆ. ಅದರಲ್ಲಿ ಎ2 ಪ್ರಮಾಣ 3.5%ಗಿಂತ ಹೆಚ್ಚಿದ್ದರೆ ವಾಹಕರಾಗಿರೋ ಸಾಧ್ಯತೆ ಬಲವಾಗಿದೆ. ವಾಹಕರಿಗೂ ಕಬ್ಬಿಣದ ಕೊರತೆ ಬರಬಹುದು, ಆಗ ಅವರಿಗೂ ಗುಳಿಗಿ ಬೇಕು. ಅಳೆದು ಕೊಡಬೇಕು, ಅಷ್ಟೇ.

ಇನ್ನೊಂದು. ಫೆರಿಟಿನ್ ಒಂದೇ ಜಾಸ್ತಿ ಬಂತು ಅಂತ ಗೂಗಲ್ ನೋಡಿ ಹೆದರಬೇಡಿ. ಜ್ವರ, ಸೋಂಕು, ಫ್ಯಾಟಿ ಲಿವರ್, ಕುಡಿತ ಎಲ್ಲದರಲ್ಲೂ ಅದು ಏರುತ್ತೆ. ಅದಕ್ಕೇ ಡಾಕ್ಟರ್‌ಗಳು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಕೂಡ ನೋಡ್ತಾರೆ. ಅದು 45%ಗಿಂತ ಹೆಚ್ಚಿದ್ದರೆ ಮುಂದಿನ ತನಿಖೆ. ರಕ್ತ ಹಾಕಿಸಿಕೊಳ್ತಿರೋ ಮಕ್ಕಳಲ್ಲಿ 10ರಿಂದ 20 ಸಲ ರಕ್ತ ಆದ ಮೇಲೆ, ಇಲ್ಲವೇ ಫೆರಿಟಿನ್ 1,000 ದಾಟಿದಾಗ, ಕಬ್ಬಿಣ ಇಳಿಸೋ ಔಷಧಿ ಶುರು ಮಾಡೋದು ರೂಢಿ. ಮದುವೆಗೆ ಮೊದಲು, ಅದಾಗದಿದ್ದರೆ ಬಸಿರಿನ ಮೊದಲ ತಿಂಗಳುಗಳಲ್ಲಿ, ಒಂದು ಸಲ ಎಚ್‌ಪಿಎಲ್‌ಸಿ ಮಾಡಿಸಿ. ಜಾತಕ ನೋಡೋಕೆ ಟೈಮ್ ಇರುತ್ತೆ ಅಂದ್ರೆ ಇದಕ್ಕೂ ಇರುತ್ತೆ.

ಮಸ್ಕಿಯ ಬಂಡೆ ಸಿಗೋವರೆಗೆ ‘ದೇವಾನಾಂಪ್ರಿಯ’ ಯಾರು ಅಂತ ಖಚಿತವಾಗಿ ಹೇಳೋಕೆ ಆಗ್ತಿರಲಿಲ್ಲ. ‘ರಕ್ತ ಕಡಿಮಿ’ ಅನ್ನೋದೂ ಹಾಗೇ. ಅದು ಬಿರುದು. ಅದರ ಹಿಂದೆ ಕಬ್ಬಿಣದ ಕೊರತೆ ಇರಬಹುದು, ಥಲಸ್ಸೇಮಿಯಾ ಇರಬಹುದು, ಬೇರೇನೋ ಇರಬಹುದು. ಒಂದಕ್ಕೆ ಕಬ್ಬಿಣ ಔಷಧಿ, ಇನ್ನೊಂದಕ್ಕೆ ಅದೇ ವಿಷ. ಮುಂದಿನ ಸಲ ದವಾಖಾನಿಯಲ್ಲಿ ನಿಮ್ಮ ಅಕ್ಕನಿಗೋ ತಂಗಿಗೋ ‘ರಕ್ತ ಕಡಿಮಿ ಐತಿ’ ಅಂದರೆ, ಒಂದೇ ಪ್ರಶ್ನೆ ಕೇಳಿ: “ಯಾಕ್ರಿ ಕಡಿಮಿ ಐತಿ?”

ಈ ಸಂಚಿಕೆಯನ್ನ ಮದುವೆ ಮಾತುಕತೆ ನಡೀತಿರೋ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸಿ.